ತೋಟವೂ ತಂಡವೂ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿ ಹಿರೇಕೊಡಿಗೆ ಎಂಬ ಊರಿದೆ. ರಾಷ್ಟ್ರಕವಿ ಕುವೆಂಪು ಅವರು 1904ನೆಯ ಇಸವಿ ಡಿಸೆಂಬರ್ 29ರಂದು ಜನಿಸಿದ್ದು ಈ ಊರಿನಲ್ಲಿಯೇ. ಇದು ಅವರ ತಾಯಿಯ ತವರು. ಸುತ್ತಲೂ ಕಾಡು, ಕಾಡಿನ ಮಗ್ಗುಲಲ್ಲಿ ಗದ್ದೆಯ ಬಯಲು, ಕಣಿವೆಯ ತಂಪಿನಲ್ಲಿ ಅಡಿಕೆಯ ತೋಟ, ಇಳಿಜಾರಿನಲ್ಲಿ ಕಾಫಿ; ಇದು ಆ ಸೀಮೆಯ ಊರುಗಳ ಸಾಮಾನ್ಯ ಚಿತ್ರ. ಇಂಥ ಊರಿಗೂ ಕಾಲ್ಚೆಂಡಾಟಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿಲ್ಲದೆ ಇಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಮಳೆ ಹಿಡಿಯಿತೆಂದರೆ, ನಾಟಿಗೆ ಹದಗೊಂಡ ಗದ್ದೆಗಳಲ್ಲಿ ಕೆಸರುಗದ್ದೆಯ ಆಟಗಳು ನಡೆಯುವುದುಂಟು. ಮೊಣಕಾಲುದ್ದದ ಕೆಸರಿನಲ್ಲಿ ಚೆಂಡನ್ನು ಒದೆಯಲು ಹೋಗಿ ತಾನೇ ಉರುಳಿಬಿದ್ದ ಹುಡುಗನು, ಮಹಾನಗರದ ಕ್ರೀಡಾಂಗಣದಲ್ಲಿ ಹಸಿರು ಹುಲ್ಲಿನ ಮೇಲೆ ಆಡುವ ಆಟವನ್ನು ದೂರದರ್ಶನದ ಪರದೆಯ ಮೇಲೆ ಕಂಡಾಗ ಅದು ತನ್ನ ಆಟವೇ ಎಂದು ಭಾವಿಸುವುದು ಸಹಜವಾಗಿದೆ.

ಆಟದ ಮೇಲೆ ಪ್ರೀತಿಯಿದ್ದಲ್ಲಿ ಅಭಿಪ್ರಾಯವೂ ಇರುತ್ತದೆ. ತನ್ನ ನಾಡಿನ ತಂಡ ಒಂದು ಪಂದ್ಯದಲ್ಲಿ ಸೋತಿತೆಂದರೆ ಸಾಕು, ಜಗಲಿಯಲ್ಲಿ ಕುಳಿತವರೆಲ್ಲರೂ ನ್ಯಾಯಾಧೀಶರಾಗುತ್ತಾರೆ. "ಮೊದಲು ಆ ತರಬೇತುದಾರನನ್ನು ಮನೆಗೆ ಕಳುಹಿಸಬೇಕು" ಎಂದು ಒಬ್ಬನೆಂದರೆ, "ಮುಂದಿನ ವರ್ಷಕ್ಕೆ ಹಣ ಸುರಿದು ಐದಾರು ಮಂದಿ ಹೊಸಬರನ್ನು ತರಬೇಕು" ಎಂದು ಮತ್ತೊಬ್ಬನೆನ್ನುತ್ತಾನೆ. ಈ ಎರಡು ಮಾತುಗಳೂ ಎಲ್ಲ ದೇಶಗಳಲ್ಲಿಯೂ ಎಲ್ಲ ಅಭಿಮಾನಿಗಳ ಬಾಯಿಂದಲೂ ಕೇಳಿಬರುತ್ತವೆ. ಆದರೆ ಅದೇ ಜಗಲಿಯಲ್ಲಿ ಅಡಿಕೆಯ ತೋಟವನ್ನು ನೋಡಿಕೊಂಡು ಬಾಳಿದ ರೈತನೊಬ್ಬ ಕುಳಿತಿದ್ದರೆ ಅವನು ಸುಲಭವಾಗಿ ತಲೆದೂಗಲಾರ. ತಂಡವನ್ನು ಕಟ್ಟುವ ಕೆಲಸವನ್ನು ಅವನು ತೋಟವನ್ನು ಕಟ್ಟುವ ಕೆಲಸದ ಅನುಭವದಿಂದ ಅಳೆಯುತ್ತಾನೆ. ಹಾಗೆ ಅಳೆದಾಗ ತಿಳಿದುಬರುವ ಸಂಗತಿಗಳು ಆಟಕ್ಕೆ ಮಾತ್ರವಲ್ಲದೆ ಬೇರೆ ಕ್ಷೇತ್ರಗಳಿಗೂ ಅನ್ವಯಿಸುತ್ತವೆ.

ಅಡಿಕೆಯ ಸಸಿಯನ್ನು ನೆಟ್ಟ ಮರುವರ್ಷವೇ ಕೊನೆ ಕೊಯ್ಯುವ ಆಸೆ ಯಾವ ಬೆಳೆಗಾರನಿಗೂ ಇರುವುದಿಲ್ಲ. ಮೊದಲ ಫಸಲು ಕಣ್ಣಿಗೆ ಬೀಳಲು ಐದಾರು ವರ್ಷಗಳಾದರೂ ಬೇಕು. ಆ ವರ್ಷಗಳಲ್ಲಿ ನೆರಳು ಮಾಡಬೇಕು, ಸೊಪ್ಪು ಗೊಬ್ಬರಗಳನ್ನು ಹಾಕಬೇಕು, ಮಳೆಯ ನೀರು ಬುಡದಲ್ಲಿ ನಿಲ್ಲದಂತೆ ಬಸಿಗಾಲುವೆಗಳನ್ನು ತೆಗೆಯಬೇಕು, ಕೊಳೆರೋಗ ಬರುವ ಮೊದಲೇ ಔಷಧಿಯನ್ನು ಸಿಂಪಡಿಸಬೇಕು. ಇದಕ್ಕಿಂತಲೂ ಮುಖ್ಯವಾದ ಮತ್ತೊಂದು ಎಚ್ಚರವಿದೆ. ಹಳೆಯ ಮರಗಳು ಫಲ ಕೊಡುತ್ತಿರುವಾಗಲೇ ಅವುಗಳ ನಡುವೆ ಎಳೆಯ ಸಸಿಗಳನ್ನು ನೆಡಬೇಕು. ಮುದಿಮರ ಬಿದ್ದ ಮೇಲೆ ಸಸಿಯನ್ನು ಹುಡುಕಿಕೊಂಡು ಹೊರಡುವವನ ತೋಟ ಬಯಲಾಗುತ್ತದೆ.

ಇದಕ್ಕೆ ವಿರುದ್ಧವಾದ ವ್ಯವಹಾರವೊಂದು ಮಲೆನಾಡಿನಲ್ಲಿ ಬಳಕೆಯಲ್ಲಿದೆ. ಮರದ ಮೇಲಿನ ಫಸಲನ್ನು ಒಂದು ವರ್ಷದ ಮಟ್ಟಿಗೆ ಇನ್ನೊಬ್ಬನಿಗೆ ಗುತ್ತಿಗೆ ಕೊಡುವ ಈ ಪದ್ಧತಿಗೆ ಚೇಣಿ ಎನ್ನುತ್ತಾರೆ. ಚೇಣಿ ಹಿಡಿದವನು ಕಳ್ಳನಲ್ಲ. ಅವನ ವ್ಯವಹಾರ ನ್ಯಾಯವಾದದ್ದೇ. ಆದರೆ ಅವನ ಕಣ್ಣು ಮರದ ತುದಿಯಲ್ಲಿರುವ ಗೊನೆಯ ಮೇಲೆ. ಬುಡದಲ್ಲಿರುವ ಬೇರಿನ ಮೇಲಲ್ಲ. ಮುಂದಿನ ವರ್ಷ ಆ ಮರ ಹೇಗಿರುತ್ತದೆಂಬ ಚಿಂತೆ ಅವನ ಕರಾರಿನೊಳಗೆ ಸೇರಿಲ್ಲ. ತಂಡಗಳನ್ನು ನಡೆಸುವವರಲ್ಲಿಯೂ ಈ ಎರಡು ಬಗೆಯವರಿದ್ದಾರೆ: ತೋಟ ಮಾಡುವವರು, ಚೇಣಿ ಹಿಡಿಯುವವರು. ಒಂದು ತಂಡದ ಏಳುಬೀಳುಗಳ ಗುಟ್ಟು ಬಹುಮಟ್ಟಿಗೆ ಈ ಭೇದದಲ್ಲಿ ಅಡಗಿದೆ ಎಂದು ಹೇಳಿದರೆ ತಪ್ಪಾಗದು.

ಕನ್ನಡ ನಾಡಿನ ಕಾಲ್ಚೆಂಡಾಟದ ಚರಿತ್ರೆಯನ್ನೇ ನೋಡಬಹುದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ದೇಶದ ಎದುರು ಆಡಿ 1-2 ಗೋಲುಗಳಿಂದ ಸೋತಿತು. ಭಾರತದ ಆಟಗಾರರಲ್ಲಿ ಹೆಚ್ಚಿನವರು ಅಂದು ಬರಿಗಾಲಿನಲ್ಲಿ ಆಡಿದ್ದರು. ಆ ಪಂದ್ಯದಲ್ಲಿ ಭಾರತದ ಪರವಾಗಿ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಅವರು ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ, ಅಲ್ಲಿ 'ಪಂಚಪಾಂಡವರು' ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡದ ಅರುಮೈನಾಯಗಂ ಅವರೂ ಬೆಂಗಳೂರಿನವರೇ. ಅವರು ಕಲ್ಕತ್ತೆಯ ಮೋಹನ್ ಬಾಗಾನ್ ತಂಡದಲ್ಲಿ ಕೀರ್ತಿ ಪಡೆದರು. ಸಸಿ ಬೆಳೆದದ್ದು ಒಂದು ನೆಲದಲ್ಲಿ, ಫಲ ಬಿಟ್ಟದ್ದು ಇನ್ನೊಂದರಲ್ಲಿ. ಇದು ಆಟಗಾರರ ತಪ್ಪಲ್ಲ. ಪ್ರತಿಭೆಗೆ ತಕ್ಕ ಮನ್ನಣೆ ಎಲ್ಲಿದೆಯೋ ಅಲ್ಲಿಗೆ ಪ್ರತಿಭೆ ಹೋಗುತ್ತದೆ.

ಹಾಗಿದ್ದರೂ ರಾಜ್ಯದ ತಂಡ ಆಗ ಬಲಹೀನವಾಗಿರಲಿಲ್ಲ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಸ್ಪರ್ಧೆ 1941ರಲ್ಲಿ ಆರಂಭವಾಯಿತು. ಮೈಸೂರು ತಂಡ ಅದನ್ನು 1946-47, 1952-53, 1967-68, 1968-69ನೆಯ ಸಾಲುಗಳಲ್ಲಿ ಗೆದ್ದಿತು. ಆ ಕಾಲದ ಬೆಂಗಳೂರಿನಲ್ಲಿ ಆಟಗಾರನಿಗೆ ನೆಲೆ ಒದಗಿಸಿದವು ಹಿಂದೂಸ್ತಾನ್ ಏರೋನಾಟಿಕ್ಸ್, ಭಾರತೀಯ ದೂರವಾಣಿ ಕಾರ್ಖಾನೆಗಳಂಥ ದೊಡ್ಡ ಸಂಸ್ಥೆಗಳ ತಂಡಗಳು. ಅಲ್ಲಿ ಆಟಗಾರನ ಕರಾರೆಂದರೆ ನೌಕರಿ. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಚೇರಿ ಇಲ್ಲವೆ ಕಾರ್ಖಾನೆಯ ಕೆಲಸ, ಪಂದ್ಯಗಳ ಕಾಲದಲ್ಲಿ ರಜೆ. ಕಾಲು ಸೋತು ಆಟ ನಿಂತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಇಪ್ಪತ್ತು ವರ್ಷದ ತರುಣನ ತಂದೆತಾಯಿಗಳಿಗೆ ಇದಕ್ಕಿಂತ ದೊಡ್ಡ ಭರವಸೆ ಬೇರೊಂದಿರಲಿಲ್ಲ. ಅಂಥ ತಂಡಗಳು ಒಂದೊಂದಾಗಿ ಸೊರಗಿದಂತೆಲ್ಲ ಆ ಭರವಸೆಯೂ ಸೊರಗಿತು.

1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ಹೊಸ ಹೆಸರಿನಲ್ಲಿ ಸಂತೋಷ್ ಟ್ರೋಫಿಯನ್ನು ಗೆಲ್ಲಲು ರಾಜ್ಯ 2023ರ ವರೆಗೆ ಕಾಯಬೇಕಾಯಿತು. ಆ ವರ್ಷದ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿತು. ಹಿಂದಿನ ಗೆಲುವಿಗೂ ಇದಕ್ಕೂ ನಡುವೆ 54 ವರ್ಷಗಳು ಸಂದಿದ್ದವು. ಅಷ್ಟು ಕಾಲದಲ್ಲಿ ನಾಡಿನಲ್ಲಿ ಪ್ರತಿಭಾವಂತರು ಹುಟ್ಟಲಿಲ್ಲವೆಂದು ಯಾರೂ ಹೇಳಲಾರರು. ಭಾರತ ತಂಡದ ನಾಯಕರಾಗಿದ್ದ ಕಾರ್ಲ್‌ಟನ್ ಚಾಪ್‌ಮನ್ ಬೆಂಗಳೂರಿನವರು. ಆದರೆ ಅವರು ಪಳಗಿದ್ದು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. ಬೀಜ ಇತ್ತು, ಕೊರತೆಯಿದ್ದದ್ದು ಸಸಿಮಡಿಯದು.

ಇನ್ನು ತರಬೇತುದಾರನ ವಿಷಯ. 2013ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ ಹುಟ್ಟಿಕೊಂಡಿತು. ಇಂಗ್ಲೆಂಡಿನ ಆಷ್ಲೆ ವೆಸ್ಟ್‌ವುಡ್ ಅದರ ಮೊದಲ ತರಬೇತುದಾರ. ಸುನಿಲ್ ಛೆಟ್ರಿ ನಾಯಕ. ತಂಡ ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. ಅನಂತರ ಸ್ಪೇನ್ ದೇಶದ ಆಲ್ಬರ್ಟ್ ರೋಕಾ ಬಂದರು. ಅವರ ಕಾಲದಲ್ಲಿ, 2016ರ ನವೆಂಬರಿನಲ್ಲಿ, ತಂಡವು ಎ.ಎಫ್.ಸಿ. ಕಪ್ ಸ್ಪರ್ಧೆಯ ಅಂತಿಮ ಪಂದ್ಯವನ್ನು ತಲುಪಿತು. ಅಲ್ಲಿಗೆ ಮುಟ್ಟಿದ ಮೊದಲ ಭಾರತೀಯ ತಂಡ ಅದು. ದೋಹಾದಲ್ಲಿ ನಡೆದ ಆ ಪಂದ್ಯದಲ್ಲಿ ಇರಾಕಿನ ವಾಯುಪಡೆಯ ತಂಡದೆದುರು ಒಂದು ಗೋಲಿನಿಂದ ಸೋತರೂ ಅದು ಹೆಮ್ಮೆಯ ಸೋಲಾಗಿತ್ತು. 2018ರಲ್ಲಿ ರೋಕಾ ಹೊರಟಾಗ ಆಡಳಿತದವರು ಎಲ್ಲಿಂದಲೋ ಹೊಸಬನನ್ನು ಕರೆತರಲಿಲ್ಲ. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರನ್ನೇ ಮುಖ್ಯ ತರಬೇತುದಾರರನ್ನಾಗಿ ಮಾಡಿದರು. ಅವರಿಗೆ ಆಟಗಾರರ ಗುಣದೋಷಗಳೆಲ್ಲ ತಿಳಿದಿದ್ದವು. ಆಟಗಾರರಿಗೆ ಅವರ ರೀತಿ ತಿಳಿದಿತ್ತು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಗೋವಾ ತಂಡವನ್ನು ಮಣಿಸಿ, ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನು ಬೆಂಗಳೂರಿಗೆ ತಂದಿತು.

2021ರ ಜನವರಿಯಲ್ಲಿ ಕ್ವಾಡ್ರಾಟ್ ಅವರು ತಂಡವನ್ನು ಬಿಟ್ಟರು. ಅಲ್ಲಿಂದ ಮೂರು ವರ್ಷಗಳೊಳಗೆ ಆ ಸ್ಥಾನದಲ್ಲಿ ನಾಲ್ವರು ಕುಳಿತರು: ತಾತ್ಕಾಲಿಕವಾಗಿ ನೌಶಾದ್ ಮೂಸಾ, ಆಮೇಲೆ ಮಾರ್ಕೊ ಪೆಜ್ಜಾಯುವೊಲಿ, ಆಮೇಲೆ ಸೈಮನ್ ಗ್ರೇಸನ್, 2023ರ ಡಿಸೆಂಬರಿನಲ್ಲಿ ಜೆರಾರ್ಡ್ ಸರಗೋಸಾ. ಪೆಜ್ಜಾಯುವೊಲಿ ಅವರು ಬಂದದ್ದು ಮೂರು ವರ್ಷಗಳ ಕರಾರಿನ ಮೇಲೆ. ಅವರ ಜಾಗಕ್ಕೆ ಗ್ರೇಸನ್ ಬಂದದ್ದು ಮರುವರ್ಷವೇ. ಗ್ರೇಸನ್ ಅವರ ಕಾಲದಲ್ಲಿ ತಂಡವು 2022ರ ಡುರಾಂಡ್ ಕಪ್ಪನ್ನು ಗೆದ್ದಿತು. 2023ರ ಮಾರ್ಚಿನಲ್ಲಿ ಸೂಪರ್ ಲೀಗ್‌ನ ಅಂತಿಮ ಪಂದ್ಯದಲ್ಲಿ ಆಡಿತು. ಆ ವರ್ಷ ಮುಗಿಯುವುದರೊಳಗೆ ಅವರೂ ಹೊರಟುಹೋದರು. 2023-24ರ ಕೊನೆಗೆ ಹನ್ನೆರಡು ತಂಡಗಳ ಸಾಲಿನಲ್ಲಿ ಬೆಂಗಳೂರು ಹತ್ತನೆಯದಾಗಿ ನಿಂತಿತು. ಮರುವರ್ಷ ಸರಗೋಸಾ ಅವರೇ ಮುಂದುವರಿದರು. 2025ರ ಏಪ್ರಿಲಿನಲ್ಲಿ ತಂಡ ಮತ್ತೆ ಅಂತಿಮ ಪಂದ್ಯವನ್ನು ತಲುಪಿತು. ಸೋಲುಗೆಲುವುಗಳಿಗೆ ಕಾರಣಗಳು ಹಲವು. ಎಲ್ಲವನ್ನೂ ತರಬೇತುದಾರನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೂ ಈ ಹತ್ತುಹನ್ನೆರಡು ವರ್ಷಗಳ ಕಥೆಯಲ್ಲಿ ತೋಟದ ರೈತನಿಗೆ ಒಂದು ಪಾಠ ಕಾಣದೆ ಇರದು. ಒಬ್ಬನ ಕೆಲಸವನ್ನು ಬಲ್ಲ ಇನ್ನೊಬ್ಬ ಮುಂದುವರಿಸಿದಾಗ ಹಿಂದಿನ ಶ್ರಮ ಮುಂದಿನವರಿಗೆ ಗೊಬ್ಬರವಾಗುತ್ತದೆ. ಪ್ರತಿಯೊಬ್ಬನೂ ಮೊದಲಿನಿಂದ ಅಗೆಯಲು ಆರಂಭಿಸಿದರೆ ನೆಲವಷ್ಟೇ ಸಡಿಲವಾಗುತ್ತದೆ.

ತರಬೇತುದಾರನು ಮೂಲತಃ ಶಿಕ್ಷಕ ಎಂಬುದನ್ನು ಜನ ಮರೆಯುತ್ತಾರೆ. ಭಾರತದ ಕಾಲ್ಚೆಂಡಾಟಕ್ಕೆ ಅದರ ಅತ್ಯುತ್ತಮ ದಿನಗಳನ್ನು ತಂದುಕೊಟ್ಟ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರಾಗಿದ್ದವರು. ಅವರ ಮಾರ್ಗದರ್ಶನದಲ್ಲಿ ಭಾರತ 1951ರಲ್ಲಿಯೂ 1962ರಲ್ಲಿಯೂ ಏಷ್ಯನ್ ಕ್ರೀಡೆಗಳ ಚಿನ್ನವನ್ನು ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. 1962ರ ಅಂತಿಮ ಪಂದ್ಯದಲ್ಲಿ, ತಲೆಗೆ ಪೆಟ್ಟುಬಿದ್ದು ಪಟ್ಟಿ ಕಟ್ಟಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ರಹೀಮ್ ಮುಂಚೂಣಿಯಲ್ಲಿ ಆಡಿಸಿದರು. ಅವರೇ ಒಂದು ಗೋಲು ಹೊಡೆದರು. ಭಾರತ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿತು. ಯಾವ ಆಟಗಾರನಿಂದ ಯಾವ ಹೊತ್ತಿನಲ್ಲಿ ಏನು ಸಾಧ್ಯವೆಂಬುದನ್ನು ಹೀಗೆ ತಿಳಿಯಬೇಕಾದರೆ ಅವನೊಡನೆ ವರ್ಷಗಳನ್ನು ಕಳೆದಿರಬೇಕು. ಆರು ತಿಂಗಳಿಗೊಮ್ಮೆ ಉಪಾಧ್ಯಾಯರು ಬದಲಾಗುವ ತರಗತಿಯಲ್ಲಿ ಮಕ್ಕಳು ಎಷ್ಟು ಕಲಿಯುತ್ತಾರೋ, ಆರು ತಿಂಗಳಿಗೊಮ್ಮೆ ತರಬೇತುದಾರರು ಬದಲಾಗುವ ತಂಡವೂ ಅಷ್ಟೇ ಕಲಿಯುತ್ತದೆ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಲೆಕ್ಸ್ ಫರ್ಗ್ಯುಸನ್ ಅವರು 1986ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಹೊಣೆಯನ್ನು ಹೊತ್ತರು. ಅವರಿಗೆ ಮೊದಲ ಪ್ರಶಸ್ತಿ ದೊರೆತದ್ದು 1990ರಲ್ಲಿ; ಲೀಗ್ ಪ್ರಶಸ್ತಿ ದೊರೆತದ್ದು 1993ರಲ್ಲಿ. ಆ ನಡುವಣ ವರ್ಷಗಳಲ್ಲಿ ಅಭಿಮಾನಿಗಳ ಕೂಗಿಗೆ ಬೆದರಿ ಅವರನ್ನು ಕಳುಹಿಸಿದ್ದರೆ, 2013ರ ವರೆಗೆ ಅವರು ಗಳಿಸಿಕೊಟ್ಟ ಹತ್ತಾರು ಪ್ರಶಸ್ತಿಗಳು ಆ ತಂಡಕ್ಕೆ ದಕ್ಕುತ್ತಿದ್ದುವೆ?

ತರಬೇತುದಾರನಾದ ಮೇಲೆ ಕರಾರಿನ ಮಾತು. ಕರಾರೆಂದರೆ ಹಣದ ಪತ್ರ ಮಾತ್ರವೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಅದು ಇಬ್ಬರು ಒಬ್ಬರಿಗೊಬ್ಬರು ಕೊಟ್ಟ ಮಾತು. "ಇಷ್ಟು ವರ್ಷ ನಿಮ್ಮ ಪರವಾಗಿ ಆಡುತ್ತೇನೆ" ಎಂದು ಆಟಗಾರ ಹೇಳುತ್ತಾನೆ. "ಇಷ್ಟು ವರ್ಷ ನಿನ್ನನ್ನು ನೋಡಿಕೊಳ್ಳುತ್ತೇವೆ" ಎಂದು ತಂಡ ಹೇಳುತ್ತದೆ. ಹಿಂದೆ ಈ ಮಾತು ಒಂದೇ ಕಡೆಗೆ ವಾಲಿತ್ತು. ಬೆಲ್ಜಿಯಂ ದೇಶದ ಜಾನ್ ಮಾರ್ಕ್ ಬೋಸ್ಮನ್ ಎಂಬ ಆಟಗಾರನ ಕರಾರು 1990ರಲ್ಲಿ ಮುಗಿದಿತ್ತು. ಆದರೂ ಹಣ ಕೊಡದೆ ಬೇರೆ ತಂಡಕ್ಕೆ ಹೋಗಬಾರದೆಂದು ಅವನ ಹಳೆಯ ತಂಡ ತಡೆಯಿತು. ಅವನು ನ್ಯಾಯಾಲಯದ ಮೆಟ್ಟಿಲೇರಿದ. 1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯವು, ಕರಾರಿನ ಅವಧಿ ಮುಗಿದ ಆಟಗಾರನು ಐರೋಪ್ಯ ಒಕ್ಕೂಟದ ಬೇರೊಂದು ದೇಶದ ತಂಡಕ್ಕೆ ಹೋಗುವಾಗ ಹಳೆಯ ತಂಡ ಹಣ ಕೇಳಲಾಗದೆಂದು ತೀರ್ಪಿತ್ತಿತು. ಆಟಗಾರನು ಸಾಮಾನಲ್ಲ, ದುಡಿಯುವ ಮನುಷ್ಯ ಎಂಬುದನ್ನು ಆ ತೀರ್ಪು ಎತ್ತಿಹಿಡಿಯಿತು.

ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವಾದ ಫಿಫಾದ ನಿಯಮಗಳಲ್ಲಿಯೂ ವಿವೇಕದ ಕೆಲವು ಅಂಶಗಳಿವೆ. ಸಾಮಾನ್ಯವಾಗಿ ಆಟಗಾರನ ಕರಾರು ಐದು ವರ್ಷಗಳನ್ನು ಮೀರುವಂತಿಲ್ಲ. ಹದಿನೆಂಟು ವರ್ಷ ತುಂಬದವನ ಕರಾರು ಮೂರು ವರ್ಷಗಳನ್ನು ಮೀರುವಂತಿಲ್ಲ. ಎಳೆಯನೊಬ್ಬನ ಬಾಳನ್ನು ತಿಳಿವಳಿಕೆ ಬರುವ ಮೊದಲೇ ಯಾರೂ ಬರೆಯಿಸಿಕೊಳ್ಳಬಾರದೆಂಬುದೇ ಇದರ ಅರ್ಥ. ಇನ್ನೊಂದು ನಿಯಮದಂತೆ, ಕರಾರು ಇನ್ನೂ ಜಾರಿಯಲ್ಲಿರುವ ಆಟಗಾರನನ್ನು ದೊಡ್ಡ ತಂಡವೊಂದು ಹಣ ಕೊಟ್ಟು ಬೇರೊಂದು ದೇಶದಿಂದ ಕೊಂಡರೆ, ಆ ಹಣದಲ್ಲಿ ನೂರಕ್ಕೆ ಐದು ಪಾಲು, ಹನ್ನೆರಡರಿಂದ ಇಪ್ಪತ್ತಮೂರು ವರ್ಷಗಳ ನಡುವೆ ಅವನನ್ನು ಬೆಳೆಸಿದ ತಂಡಗಳಿಗೆ ಸಲ್ಲಬೇಕು. ಸಸಿಯನ್ನು ಸಾಕಿದವನಿಗೂ ಫಸಲಿನಲ್ಲಿ ಪಾಲುಂಟು ಎಂಬ ನ್ಯಾಯವನ್ನು ಕಾಯಿದೆಯಾಗಿ ಬರೆದಿಟ್ಟಿರುವುದು ಮೆಚ್ಚತಕ್ಕ ಸಂಗತಿ. ಇಂಥ ನಿಯಮ ಹಿಂದೆಯೇ ಇದ್ದು, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವವರಿಗೂ ಅನ್ವಯಿಸಿದ್ದರೆ, ಅಹಮದ್ ಖಾನ್, ಅರುಮೈನಾಯಗಂ ಮೊದಲಾದವರನ್ನು ಬೆಳೆಸಿದ ಬೆಂಗಳೂರಿನ ಮೈದಾನಗಳಿಗೆ ಅದರಿಂದ ಎಷ್ಟೋ ಪ್ರಯೋಜನವಾಗುತ್ತಿತ್ತು.

ಕರಾರು ಮುರಿಯುವುದು ಯಾವಾಗಲೂ ದುರುದ್ದೇಶದಿಂದಲೇ ಅಲ್ಲ. 2025ರಲ್ಲಿ ಇಂಡಿಯನ್ ಸೂಪರ್ ಲೀಗ್ ಮುಂದೆ ನಡೆಯುವುದೋ ಇಲ್ಲವೋ ಎಂಬ ಅನಿಶ್ಚಯ ತಲೆದೋರಿತು. ಲೀಗನ್ನು ನಡೆಸುವ ಬಗ್ಗೆ ರಾಷ್ಟ್ರೀಯ ಒಕ್ಕೂಟಕ್ಕೂ ಅದರ ವಾಣಿಜ್ಯ ಪಾಲುದಾರರಿಗೂ ಇದ್ದ ಒಪ್ಪಂದ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಅದರ ಮುಂದುವರಿಕೆ ನಿಶ್ಚಯವಾಗಿರಲಿಲ್ಲ. ಆಗಸ್ಟ್ ತಿಂಗಳಲ್ಲಿ ಬೆಂಗಳೂರು ತಂಡವು ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಎಳೆಯರ ತಂಡಗಳ ಕೆಲಸ ನಿಲ್ಲುವುದಿಲ್ಲವೆಂದೂ ಅದೇ ಪ್ರಕಟಣೆಯಲ್ಲಿ ತಿಳಿಸಿತು. ಮೇಲಿನ ಒಂದು ಒಪ್ಪಂದ ಅಲುಗಾಡಿದರೆ ಕೆಳಗಿನ ನೂರು ಕರಾರುಗಳು ಅಲುಗಾಡುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಆಟಗಾರನ ಗಳಿಕೆಯ ಕಾಲ ಹೆಚ್ಚೆಂದರೆ ಹದಿನೈದು ವರ್ಷ. ಅದರಲ್ಲಿ ಒಂದು ವರ್ಷ ಕಳೆದುಹೋದರೆ ಮರಳಿ ಬಾರದು. ಗೋಲು ಬಿದ್ದಾಗ ಚಪ್ಪಾಳೆ ತಟ್ಟುವ ಅಭಿಮಾನಿ, ಸಂಬಳ ನಿಂತಾಗಲೂ ಆಟಗಾರನ ಮನೆಯನ್ನು ನೆನೆಯಬೇಕು.

ಇನ್ನು ಉಳಿದದ್ದು ಆಟಗಾರರ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ. ಇದನ್ನು ಮಲೆನಾಡಿನವರು ಯಕ್ಷಗಾನದ ಮೇಳವನ್ನು ನೆನೆದರೆ ಸುಲಭವಾಗಿ ತಿಳಿಯಬಹುದು. ಮೇಳ ಕಟ್ಟುವ ಯಜಮಾನನು ಹೆಸರಾಂತ ವೇಷಧಾರಿಗಳನ್ನೆಲ್ಲ ಒಟ್ಟುಗೂಡಿಸಿಬಿಟ್ಟರೆ ಪ್ರಸಂಗ ಕಳೆಗಟ್ಟುವುದಿಲ್ಲ. ಭಾಗವತ ಬೇಕು, ಮದ್ದಲೆ ಚಂಡೆಗಳಿಗೆ ಜನ ಬೇಕು, ಪುರುಷವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ ಎಲ್ಲವೂ ಬೇಕು; ಇವರೊಡನೆ ಗೆಜ್ಜೆ ಕಟ್ಟಲು ಕಲಿಯುತ್ತಿರುವ ಹುಡುಗರೂ ಬೇಕು. ಒಬ್ಬ ಪ್ರಸಿದ್ಧ ಕಲಾವಿದ ಕಾಯಿಲೆ ಬಿದ್ದ ರಾತ್ರಿ ಆಟ ನಿಲ್ಲದಂತೆ ನೋಡಿಕೊಳ್ಳುವವನೇ ಜಾಣ ಯಜಮಾನ. ಕಾಲ್ಚೆಂಡಾಟದ ತಂಡವೂ ಹಾಗೆಯೇ. ಮೈದಾನಕ್ಕಿಳಿಯುವವರು ಹನ್ನೊಂದು ಮಂದಿ. ಆದರೆ ಪ್ರತಿಯೊಂದು ಸ್ಥಾನಕ್ಕೂ ಈಗ ಆಡುವವನೊಬ್ಬ, ನಾಳೆ ಆಡಬಲ್ಲವನೊಬ್ಬ, ಮೂರು ವರ್ಷಗಳ ಮೇಲೆ ಆಡಬೇಕಾದವನೊಬ್ಬ ಇರಬೇಕು. ಮೂವತ್ತು ದಾಟಿದವರೇ ತುಂಬಿದ ತಂಡ ಈ ವರ್ಷ ಗೆಲ್ಲಬಹುದು, ಮುಂದಿನ ವರ್ಷ ಒಟ್ಟಿಗೇ ಕುಸಿಯುತ್ತದೆ. ಇಪ್ಪತ್ತರ ಒಳಗಿನವರೇ ತುಂಬಿದ ತಂಡಕ್ಕೆ ವೇಗವುಂಟು, ದಾರಿ ತೋರುವವರಿಲ್ಲ.

ಈ ಮಾತಿಗೆ ಭಾರತ ತಂಡವೇ ಸಾಕ್ಷಿಯಾಗಿದೆ. ಸುನಿಲ್ ಛೆಟ್ರಿ ಅವರು 2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ಕುವೈತ್ ಎದುರಿನ ಪಂದ್ಯದೊಡನೆ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ದೇಶದ ಪರವಾಗಿ ಅವರು ಹೊಡೆದ ಗೋಲುಗಳು 94. ಒಂದು ವರ್ಷ ತುಂಬುವುದರೊಳಗೆ, 2025ರ ಮಾರ್ಚಿನಲ್ಲಿ, ಅವರನ್ನು ಮತ್ತೆ ಕರೆಯಬೇಕಾಯಿತು. ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಎದುರಿನ ಪಂದ್ಯದಲ್ಲಿ ಅವರು ಗೋಲನ್ನೂ ಹೊಡೆದರು. ಛೆಟ್ರಿ ಅವರ ಶಕ್ತಿ ಹಾಗೂ ಶಿಸ್ತುಗಳ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ನಲವತ್ತು ದಾಟಿದ ಒಬ್ಬರನ್ನು ದೇಶ ಮರಳಿ ಕರೆಯಬೇಕಾಯಿತೆಂದರೆ, ಹಳೆಯ ಮರದ ನೆರಳಿನಲ್ಲಿ ಹೊಸ ಸಸಿ ನೆಡುವ ಕೆಲಸ ಸರಿಯಾಗಿ ನಡೆದಿರಲಿಲ್ಲವೆಂದೇ ಅರ್ಥ. ಸೂಪರ್ ಲೀಗ್‌ನ ತಂಡಗಳು ಗೋಲು ಹೊಡೆಯುವ ಸ್ಥಾನಕ್ಕೆ ಬಹುಕಾಲ ವಿದೇಶಿಯರನ್ನೇ ನೆಚ್ಚಿಕೊಂಡಿದ್ದವು. ಮೈದಾನದಲ್ಲಿ ಏಕಕಾಲಕ್ಕೆ ಆಡಬಹುದಾದ ವಿದೇಶಿಯರ ಸಂಖ್ಯೆಯನ್ನು 2021-22ರಿಂದ ಐದರಿಂದ ನಾಲ್ಕಕ್ಕೆ ಇಳಿಸಿದ್ದು ಒಳ್ಳೆಯ ಹೆಜ್ಜೆಯೇ. ಆದರೆ ಬರಿಯ ನಿಯಮದಿಂದ ಆಟಗಾರ ಹುಟ್ಟಲಾರ.

ಸರಿಯಾಗಿ ನೆಟ್ಟ ಸಸಿ ಹೇಗೆ ಫಲ ಕೊಡುತ್ತದೆಂಬುದಕ್ಕೂ ಉದಾಹರಣೆಯಿದೆ. 2022ರಲ್ಲಿ ಎಳೆಯರಿಗಾಗಿ ಮೊದಲ ಬಾರಿಗೆ ನಡೆದ ಅಭಿವೃದ್ಧಿ ಲೀಗ್‌ನಲ್ಲಿ ಬೆಂಗಳೂರಿನ ಕಿರಿಯರ ತಂಡ ಪ್ರಥಮ ಸ್ಥಾನ ಪಡೆಯಿತು. ಆ ತಂಡದಲ್ಲಿದ್ದ ಶಿವಶಕ್ತಿ ನಾರಾಯಣನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಹಿರಿಯರೊಡನೆ ಆಡಿ, ತಂಡದ ಮೊದಲ ಗೋಲನ್ನು ಹೊಡೆದರು. ಸ್ಪೇನ್ ದೇಶದಲ್ಲಿ ಅಥ್ಲೆಟಿಕ್ ಬಿಲ್ಬಾವೊ ಎಂಬ ತಂಡವಿದೆ. ಬಾಸ್ಕ್ ಸೀಮೆಯಲ್ಲಿ ಹುಟ್ಟಿದವರನ್ನು ಅಥವಾ ಆ ಸೀಮೆಯಲ್ಲಿ ಆಟ ಕಲಿತವರನ್ನು ಮಾತ್ರ ಆಡಿಸುವ ವ್ರತ ಅದರದು. ಹಾಗಿದ್ದೂ ಆ ದೇಶದ ಅತ್ಯುನ್ನತ ಶ್ರೇಣಿಯಿಂದ ಅದು ಒಮ್ಮೆಯೂ ಕೆಳಗಿಳಿದಿಲ್ಲ. 2024ರಲ್ಲಿ ಅದು ದೇಶದ ಕಪ್ಪನ್ನು ಗೆದ್ದಿತು. ಅದಕ್ಕೆ ಮೊದಲು ಆ ಕಪ್ಪನ್ನು ಗೆದ್ದದ್ದು 1984ರಲ್ಲಿ. ನಲವತ್ತು ವರ್ಷ ಕಾದರೂ ಆ ತಂಡ ತನ್ನ ವ್ರತವನ್ನು ಬಿಡಲಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳುವವರಿದ್ದಾರೆ. "ತಾಳ್ಮೆಯ ಉಪದೇಶ ಕೇಳಲು ಚೆನ್ನ. ಆದರೆ ತಂಡ ಸೋಲುತ್ತಲೇ ಹೋದರೆ ನೋಡುವವರು ಕಡಿಮೆಯಾಗುತ್ತಾರೆ, ಹಣ ಕೊಡುವವರು ಹಿಂದೆ ಸರಿಯುತ್ತಾರೆ. ತೋಟವೇ ಹರಾಜಾದ ಮೇಲೆ ಸಸಿ ಯಾರಿಗೆ?" ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ರೋಗ ಹಿಡಿದ ಮರವನ್ನು ಕಡಿಯಲೇಬೇಕಾದ ಸಂದರ್ಭವೂ ಬರುತ್ತದೆ. ಅಯೋಗ್ಯನಾದ ತರಬೇತುದಾರನನ್ನು ತಾಳ್ಮೆಯ ಹೆಸರಿನಲ್ಲಿ ಇಟ್ಟುಕೊಳ್ಳುವುದು ವಿವೇಕವಲ್ಲ. ಆದರೆ ಮರವನ್ನು ಕಡಿಯುವ ಮೊದಲು ರೋಗ ಮರದಲ್ಲಿದೆಯೋ ಮಣ್ಣಿನಲ್ಲಿದೆಯೋ ಎಂದು ರೈತ ಪರೀಕ್ಷಿಸುತ್ತಾನೆ. ಶೃಂಗೇರಿ, ಕೊಪ್ಪ ಸೀಮೆಯ ಬೆಳೆಗಾರರು ಹಳದಿ ಎಲೆ ರೋಗದಿಂದ ತೋಟಗಳು ಸೊರಗುವುದನ್ನು ಕಣ್ಣಾರೆ ಕಂಡವರು. ಒಂದು ಮರವನ್ನು ಕಡಿದು ಅದೇ ಜಾಗದಲ್ಲಿ ಇನ್ನೊಂದನ್ನು ನೆಟ್ಟ ಮಾತ್ರಕ್ಕೆ ರೋಗ ಹೋಗುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ತರಬೇತುದಾರರು ಒಬ್ಬರ ಹಿಂದೊಬ್ಬರು ಸೋಲುತ್ತಿದ್ದರೆ, ದೋಷವನ್ನು ಅವರಲ್ಲಿ ಹುಡುಕುವುದನ್ನು ಬಿಟ್ಟು ಅವರನ್ನು ಆರಿಸಿದವರಲ್ಲಿ ಹುಡುಕಬೇಕಾಗುತ್ತದೆ.

ಅಭಿಮಾನಿಯ ಪಾಲಿನ ಕರ್ತವ್ಯವೂ ಇಲ್ಲಿ ಉಂಟು. ಮಾಲೀಕರು ಚೇಣಿಯವರಂತೆ ವರ್ತಿಸುವುದು ಎಷ್ಟೋ ವೇಳೆ ಅಭಿಮಾನಿಗಳ ಆತುರಕ್ಕೆ ಅಂಜಿ. ಪ್ರತಿಯೊಂದು ಸೋಲಿಗೂ ಒಂದು ತಲೆಯನ್ನು ಬೇಡುವ ಜನಸಮೂಹದ ಮುಂದೆ ಯಾರೂ ಸಸಿ ನೆಡಲು ಹೋಗುವುದಿಲ್ಲ. ಆದುದರಿಂದ ಒಳ್ಳೆಯ ಅಭಿಮಾನಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ವರ್ಷ ಯಾರನ್ನು ಕೊಂಡರು ಎಂದು ಕೇಳುವುದರ ಜೊತೆಗೆ, ಈ ವರ್ಷ ಯಾರನ್ನು ಬೆಳೆಸಿದರು ಎಂದೂ ಅವನು ಕೇಳಬೇಕು. ಕೊಟ್ಟ ಮಾತಿನಂತೆ ಸಂಬಳ ಸಂದಿತೆ, ಗಾಯಗೊಂಡವನನ್ನು ನೋಡಿಕೊಂಡರೆ, ಹದಿನಾರರ ಹುಡುಗನಿಗೆ ಆಟದ ಜೊತೆಗೆ ಓದು ಸಿಕ್ಕಿತೆ ಎಂದು ವಿಚಾರಿಸಬೇಕು. ತಂಡ ಪ್ರಶಸ್ತಿ ಗೆದ್ದ ವರ್ಷದಲ್ಲಿಯೂ ಈ ಪ್ರಶ್ನೆಗಳನ್ನು ಬಿಡಬಾರದು.

ಹಿರೇಕೊಡಿಗೆಯಂಥ ಊರಿನ ಶಾಲೆಯಲ್ಲಿ ಓದುತ್ತಿರುವ ಹುಡುಗನೋ ಹುಡುಗಿಯೋ ಕೆಸರುಗದ್ದೆಯಲ್ಲಿ ಚೆಂಡಿನ ಹಿಂದೆ ಓಡುವುದನ್ನು ಕಂಡು, ಆ ಕಾಲುಗಳಲ್ಲಿ ಏನೋ ವಿಶೇಷವಿದೆಯೆಂದು ಯಾರಾದರೂ ಗುರುತಿಸಿದರೆಂದು ಭಾವಿಸಬಹುದು. ಮುಂದಿನ ದಾರಿ ಎಲ್ಲಿದೆ? ಆ ದಾರಿಯಲ್ಲಿ ವರ್ಷಗಟ್ಟಲೆ ಜೊತೆಗಿರುವ ಗುರುವೊಬ್ಬ, ಮಾತಿಗೆ ತಪ್ಪದ ಕರಾರೊಂದು, ಹಿರಿಯರ ಸಾಲಿನಲ್ಲಿ ತನಗಾಗಿ ಕಾದಿಟ್ಟ ಒಂದು ಸ್ಥಾನ, ಈ ಮೂರೂ ಇದ್ದರೆ ಆ ಮಗು ಬೆಂಗಳ��ರಿನ ಕಂಠೀರವ ಕ್ರೀಡಾಂಗಣವನ್ನು ತಲುಪಬಹುದು. ಇಲ್ಲವಾದರೆ ಆ ಪ್ರತಿಭೆ ಒಂದು ಮಳೆಗಾಲದ ನೆನಪಾಗಿ ಉಳಿಯುತ್ತದೆ. ತಂಡಗಳ ಏಳುಬೀಳುಗಳ ಚರ್ಚೆ ಜಗಲಿಯ ಹರಟೆಯಾಗಿ ಮುಗಿಯಬಾರದು ಎನ್ನುವುದು ಈ ಕಾರಣದಿಂದಲೇ.

ತೋಟವನ್ನು ಕಟ್ಟಿದ ಅಜ್ಜನಿಗೆ ತಾನು ಕೊನೆಗಾಲದಲ್ಲಿ ನೆಟ್ಟ ಸಸಿಯ ಅಡಿಕೆ ತನ್ನ ಕೈಗೆ ಬಾರದೆಂದು ಗೊತ್ತಿರುತ್ತದೆ. ಆದರೂ ಅವನು ನೆಡುತ್ತಾನೆ, ನೀರು ಹಾಯಿಸುತ್ತಾನೆ. ಮೊಮ್ಮಗನು ಒಂದು ದಿನ ಆ ಮರದ ಕೊನೆಯನ್ನು ಇಳಿಸುವಾಗ ನೆಟ್ಟವನ ಹೆಸರನ್ನು ನೆನೆಯುತ್ತಾನೆ. ತಂಡವನ್ನು ಕಟ್ಟುವವರೂ ಅಂಥ ನೆನಪಿಗೆ ಪಾತ್ರರಾಗಬೇಕಾದರೆ ಅಂಥ ಮನಸ್ಸನ್ನು ಬೆಳೆಸಿಕೊಳ್ಳಬೇಕು.